ಸಣ್ಣ ಐಎಸ್‌ಪಿಗೆ ಯಾವ ಎಡ್ಜ್ ರೌಟರ್? ಬಾಕ್ಸ್‌ಗಿಂತ ಮುಂಚೆ ಅದರ ಮ್ಯಾನ್ಯುಯಲ್ ನೋಡಿ

"ಅಣ್ಣಾ, ಕನೆಕ್ಷನ್ 1,200 ದಾಟಿತು. ರಾತ್ರಿ ಒಂಬತ್ತಾದರೆ ಬಾಕ್ಸ್ ಏದುಸಿರು ಬಿಡುತ್ತೆ. ಯಾವುದು ತಗೊಳ್ಳಲಿ?"

ತಿಂಗಳಿಗೆ ಎರಡು ಸಲವಾದರೂ ನನಗೆ ಈ ಫೋನ್ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ಕೇಬಲ್ ಟಿವಿ ನಡೆಸುತ್ತಿದ್ದವರು, ಈಗ ಫೈಬರ್ ಎಳೆದು ತಾಲೂಕು ಮಟ್ಟದಲ್ಲಿ ಇಂಟರ್ನೆಟ್ ಕೊಡುವವರು, ಅಂದರೆ ಸಣ್ಣ ಐಎಸ್‌ಪಿಗಳು. ಮೈಕ್ರೋಟಿಕ್ ತಗೊಳ್ಳಿ ಅಂತ ಒಬ್ಬರು ಹೇಳಿರುತ್ತಾರೆ, ಜೂನಿಪರ್ ಅಂತ ಇನ್ನೊಬ್ಬರು, ಸೆಕೆಂಡ್ ಹ್ಯಾಂಡ್ ಸಿಸ್ಕೋ ಅಗ್ಗಕ್ಕೆ ಕೊಡಿಸ್ತೀನಿ ಅಂತ ಬೆಂಗಳೂರಿನ ಡೀಲರ್ ಒಬ್ಬ, ಸರ್ವರ್ ಮೇಲೆ ಲಿನಕ್ಸ್ ಹಾಕಿದರೆ ಪುಕ್ಕಟೆ ಅಂತ ತಂಗಿ ಮಗ. ನಾಲ್ವರೂ ಸುಳ್ಳು ಹೇಳಿರುವುದಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ಯಾರೂ ಕೇಳಿರುವುದಿಲ್ಲ: ರಾತ್ರಿ ಎರಡಕ್ಕೆ ಬಾಕ್ಸ್ ಮಲಗಿದರೆ ಅದರ ಮ್ಯಾನ್ಯುಯಲ್ ತೆಗೆದು ಓದುವವರು ಯಾರು? ನನ್ನ ಲೆಕ್ಕದಲ್ಲಿ ಆಯ್ಕೆ ಶುರುವಾಗುವುದೇ ಅಲ್ಲಿಂದ.

ಇಲ್ಲಿ ಎಡ್ಜ್ ರೌಟರ್ ಅಂದರೆ ನಮ್ಮ ಜನ ಬ್ರಾಸ್ ಅಂತಲೋ ಬಿಎನ್‌ಜಿ ಅಂತಲೋ ಕರೆಯುವ ಬಾಕ್ಸ್. ಓಎಲ್‌ಟಿಗಳಿಂದ (ಮನೆಗಳ ಫೈಬರ್ ಬಂದು ಸೇರುವ ನಮ್ಮ ಕಡೆಯ ಪೆಟ್ಟಿಗೆ) ಬರುವ ಪಿಪಿಪಿಒಇ ಸೆಷನ್‌ಗಳನ್ನೆಲ್ಲ (ಗ್ರಾಹಕನ ರೌಟರ್ ಯೂಸರ್‌ನೇಮ್ ಕೊಟ್ಟು ಡಯಲ್ ಮಾಡುವ ಲಾಗಿನ್) ಹಿಡಿದು, ಯೂಸರ್‌ನೇಮ್ ಸರಿಯಾ ಅಂತ ರೇಡಿಯಸ್‌ಗೆ (ಗ್ರಾಹಕರ ಪಟ್ಟಿ ಇರುವ ಸರ್ವರ್) ಕೇಳಿ, ಪ್ಲಾನ್‌ಗೆ ತಕ್ಕ ಸ್ಪೀಡ್ ಕಟ್ಟಿ, ಅಪ್‌ಲಿಂಕ್ (ನಮಗೆ ಇಂಟರ್ನೆಟ್ ಬರುವ ದೊಡ್ಡ ಲೈನ್) ಕಡೆ ದಾಟಿಸುವುದು ಇದರ ಕೆಲಸ.

ಯಾವುದನ್ನೆಲ್ಲ ತೂಗಬೇಕು?

ಮೊದಲು ನಿಮ್ಮ ಲೋಡ್. ಕನೆಕ್ಷನ್ ಎಷ್ಟಿದೆ ಅನ್ನುವುದಲ್ಲ, ರಾತ್ರಿ 9ರಿಂದ 11ರ ನಡುವೆ ಎಷ್ಟು ಸೆಷನ್ ಆನ್‌ಲೈನ್ ಇರುತ್ತದೆ, ಅಪ್‌ಲಿಂಕ್ ಗ್ರಾಫ್ ಎಲ್ಲಿಗೆ ಮುಟ್ಟುತ್ತದೆ ಅಂತ ನೋಡಿ. ಐಪಿಎಲ್ ಇರುವ ದಿನದ ಗ್ರಾಫ್ ಇದ್ದರೆ ಇನ್ನೂ ಒಳ್ಳೆಯದು. ಗ್ರಾಫಿನ ತುದಿಯನ್ನು ಸೆಷನ್ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಗ್ರಾಹಕನಿಗೆ ಎಷ್ಟು ಅಂತ ಸಿಗುತ್ತದೆ. ಉದಾಹರಣೆಗೆ 3 ಎಂಬಿಪಿಎಸ್ ಬಂತು ಅಂದುಕೊಳ್ಳಿ. 2,000 ಸೆಷನ್‌ಗೆ 6 ಜಿಬಿಪಿಎಸ್ ಆಯಿತು. ಈಗಿನದಕ್ಕೆ ತಕ್ಕ ಬಾಕ್ಸ್ ತರಬೇಡಿ, ಇದರ ದುಪ್ಪಟ್ಟಿಗೆ ತನ್ನಿ.

ಡೇಟಾಶೀಟಿನಲ್ಲಿ ದಪ್ಪ ಅಕ್ಷರದಲ್ಲಿರುವ ಸ್ಪೀಡ್ ಸಾಮಾನ್ಯವಾಗಿ ದೊಡ್ಡ ಪ್ಯಾಕೆಟ್ ಇಟ್ಟು, ಕ್ಯೂ (ಪ್ರತಿ ಗ್ರಾಹಕನ ಸ್ಪೀಡ್ ಕಟ್ಟುವ ಸಾಲು) ಇಲ್ಲದೆ, ಫೈರ್‌ವಾಲ್ ಇಲ್ಲದೆ ಅಳೆದದ್ದು. ಮದುವೆ ಮನೆಯಲ್ಲಿ ಹುಡುಗನ ಸಂಬಳ ಹೇಳಿದ ಹಾಗೆ, ಕಟ್ ಆಗುವುದೆಲ್ಲ ಕಟ್ ಆದ ಮೇಲೆ ಕೈಗೆ ಬರುವುದು ಬೇರೆ.

ಎರಡನೆಯದು ಕರೆಂಟ್ ಬಂದ ಮೇಲಿನ ನೂಕುನುಗ್ಗಲು. ಇದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಮಲೆನಾಡಿನ ಒಂದು ಊರಲ್ಲಿ, ಜೋರು ಮಳೆ, ಎರಡು ಗಂಟೆ ಹೋಗಿದ್ದ ಕರೆಂಟ್ ವಾಪಸ್ ಬಂತು. ಮನೆಮನೆಯ ಓಎನ್‌ಯು (ಮನೆಯೊಳಗಿನ ಫೈಬರ್ ಡಬ್ಬ) ಒಟ್ಟಿಗೆ ಆನ್ ಆಗಿ 1,400 ಲಾಗಿನ್ ಒಂದೇ ಉಸಿರಿಗೆ ಬಂದವು. ರೇಡಿಯಸ್ ಇದ್ದದ್ದು ಹಳೇ ಹಾರ್ಡ್‌ಡಿಸ್ಕಿನ ಒಂದು ಪಿಸಿಯಲ್ಲಿ. ಅದು ಉತ್ತರ ಕೊಡುವಷ್ಟರಲ್ಲಿ ಗ್ರಾಹಕನ ರೌಟರ್ ಬೇಸತ್ತು ಮತ್ತೆ ಡಯಲ್ ಮಾಡುತ್ತದೆ, ಹಳೇ ಪ್ರಶ್ನೆಗೆ ಉತ್ತರ ಬರುತ್ತದೆ, ಅಷ್ಟರಲ್ಲಿ ಹೊಸ ಪ್ರಶ್ನೆ ಹೋಗಿರುತ್ತದೆ. ಮುಕ್ಕಾಲು ಗಂಟೆ ಇದೇ ಸುತ್ತು. ಸೆಕೆಂಡಿಗೆ ಇಷ್ಟೇ ಹೊಸ ಸೆಷನ್ ತಗೋ ಅಂತ ಮಿತಿ ಹಾಕುವ ಸೌಲಭ್ಯ ಆ ಬಾಕ್ಸಿನಲ್ಲೇ ಇತ್ತು. ಮ್ಯಾನ್ಯುಯಲ್‌ನಲ್ಲಿ ಒಂದೇ ಸಾಲು, ಅದೂ ಬೇರೆ ಯಾವುದೋ ಅಧ್ಯಾಯದ ಕೊನೆಯಲ್ಲಿ. ನನಗೆ ಸಿಕ್ಕಿದ್ದು ಮಾರನೇ ದಿನ.

ಮೂರನೆಯದು ಸಿಜಿನ್ಯಾಟ್ ಮತ್ತು ಅದರ ಲಾಗ್. ಐಪಿವಿ4 ಅಡ್ರೆಸ್ ಎಲ್ಲರಿಗೂ ಸಾಲುವುದಿಲ್ಲ, ಹಾಗಾಗಿ ಒಳಗೆ 100.64.0.0/10 ಸಾಲಿನ ಅಡ್ರೆಸ್ ಕೊಟ್ಟು ಹೊರಗೆ ಒಂದು ಪಬ್ಲಿಕ್ ಐಪಿಯನ್ನು ಹತ್ತಾರು ಮನೆಗೆ ಹಂಚುತ್ತೇವೆ, ಇದೇ ಸಿಜಿನ್ಯಾಟ್. ಯಾವ ಹೊತ್ತಿನಲ್ಲಿ ಯಾವ ಐಪಿ, ಯಾವ ಪೋರ್ಟ್ ಯಾರ ಬಳಿ ಇತ್ತು ಅಂತ ದಾಖಲೆ ಇಡಲೇಬೇಕು. 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಈ ಅವಧಿಯನ್ನು ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಿತು. ಪ್ರತಿ ಕನೆಕ್ಷನ್‌ಗೂ ಒಂದು ಸಾಲು ಲಾಗ್ ಬರೆಯುತ್ತಾ ಹೋದರೆ ಡಿಸ್ಕ್ ತುಂಬುವುದು ನೋಡುತ್ತಾ ಕೂರಬೇಕಾಗುತ್ತದೆ. ಅದಕ್ಕೇ ಪೋರ್ಟ್‌ಗಳನ್ನು ಗಂಟು ಕಟ್ಟಿ ಕೊಡುವ ಸೌಲಭ್ಯ ಬೇಕು. 1024ರಿಂದ 65535ರವರೆಗೆ 64,512 ಪೋರ್ಟ್ ಇವೆ. ಒಬ್ಬರಿಗೆ 1,008ರ ಗಂಟು ಕೊಟ್ಟರೆ ಒಂದು ಐಪಿಯಲ್ಲಿ ಸರಿಯಾಗಿ 64 ಮನೆ. ಗಂಟು ಕೊಟ್ಟಾಗ ಒಂದು ಸಾಲು, ವಾಪಸ್ ತಗೊಂಡಾಗ ಒಂದು ಸಾಲು, ಅಷ್ಟೇ ಲಾಗ್. (ಐಪಿವಿ6 ಕೊಡಲು ಶುರು ಮಾಡಿದರೆ ಯೂಟ್ಯೂಬ್‌ನಂಥ ದೊಡ್ಡ ಟ್ರಾಫಿಕ್ ನ್ಯಾಟ್ ಮುಟ್ಟದೇ ಹೋಗುತ್ತದೆ. ಆಮೇಲೆ ಮಾಡೋಣ ಅಂತ ಎಲ್ಲರೂ ಮುಂದೂಡುವ ಕೆಲಸ ಇದು.)

ನಾಲ್ಕನೆಯದು ಡಾಕ್ಯುಮೆಂಟೇಶನ್. ನಾನು ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಬಾಕ್ಸ್ ತಗೊಳ್ಳುವ ಮುಂಚೆ, ಅದನ್ನು ನಾಳೆ ನೋಡಿಕೊಳ್ಳಬೇಕಾದ ಹುಡುಗನನ್ನೇ ಕೂರಿಸಿ ಮೂರು ಪ್ರಶ್ನೆ ಕೊಡುತ್ತೇನೆ: ರೇಡಿಯಸ್‌ನಿಂದ ಸ್ಪೀಡ್ ಯಾವ ಹೆಸರಿನಲ್ಲಿ ಕಳಿಸಬೇಕು? ಸೆಷನ್ ಕಟ್ ಮಾಡದೆ ಪ್ಲಾನ್ ಬದಲಿಸುವುದು ಹೇಗೆ? ಅಪ್‌ಗ್ರೇಡ್ ಕೆಟ್ಟರೆ ಹಳೆಯದಕ್ಕೆ ಹೋಗುವುದು ಹೇಗೆ? ಮೂರಕ್ಕೂ ಕಂಪನಿಯ ಸ್ವಂತ ಡಾಕ್ಯುಮೆಂಟ್‌ನಲ್ಲೇ ಅರ್ಧ ಗಂಟೆಯೊಳಗೆ ಉತ್ತರ ಹುಡುಕಬೇಕು. ಸಿಗಲಿಲ್ಲವಾ, ಆ ಬಾಕ್ಸ್ ಎಷ್ಟೇ ಚೆನ್ನಾಗಿರಲಿ ನಿಮಗಲ್ಲ.

ದುಡ್ಡಿನ ವಿಷಯ ಪ್ರತಿ ಬಾಕ್ಸಿನ ಜೊತೆ ಹೇಳುತ್ತೇನೆ. ನಿಯಮದ್ದು ಒಂದು ಮಾತು: 2021ರ ಜೂನ್ 15ರಿಂದ ಲೈಸೆನ್ಸ್ ಇರುವವರು ತಮ್ಮ ನೆಟ್‌ವರ್ಕಿಗೆ ಹೊಸ ಸಾಮಾನು ಹಾಕುವಾಗ ಸರ್ಕಾರ ಒಪ್ಪಿದ ನಂಬಿಕಸ್ಥ ಮೂಲದಿಂದಲೇ ತರಬೇಕು. ನಿಮ್ಮ ಐಎಸ್‌ಪಿ ಲೈಸೆನ್ಸ್ ಬಿ ವರ್ಗದ್ದಿರಲಿ ಸಿ ಇರಲಿ, ಅಡ್ವಾನ್ಸ್ ಕೊಡುವ ಮುಂಚೆ ಆ ಮೂಲಗಳ ಸರ್ಕಾರಿ ಪೋರ್ಟಲ್ ನೋಡಿ. "ಏನೂ ಆಗಲ್ಲ ಸಾರ್" ಅನ್ನುವ ಡೀಲರ್ ಇನ್‌ಸ್ಪೆಕ್ಷನ್ ದಿನ ನಿಮ್ಮ ಪಕ್ಕ ನಿಂತಿರುವುದಿಲ್ಲ.

ಮೈಕ್ರೋಟಿಕ್

ಲಾಟ್ವಿಯಾದ ರೀಗಾ ಊರಿನ ಕಂಪನಿ, 1996ರಲ್ಲಿ ಶುರುವಾದದ್ದು. ನಮ್ಮ ಕಡೆ ಸಣ್ಣ ಐಎಸ್‌ಪಿಗಳಲ್ಲಿ ಕಾಲಿಟ್ಟಲ್ಲೆಲ್ಲ ಇದೇ. ಕಾರಣ ಸರಳ: ಬೆಲೆ ಕಮ್ಮಿ, ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಕಾಸಿಲ್ಲ, ಸಿಸಿಆರ್ ಅನ್ನುವ ಅವರ ದೊಡ್ಡ ಬಾಕ್ಸ್‌ಗಳ ಜೊತೆ ಬರುವ ಲೆವೆಲ್ 6 ಲೈಸೆನ್ಸಿನಲ್ಲಿ ಸೆಷನ್‌ಗೆ ಮಿತಿ ಇಲ್ಲ.

ಸಿಸಿಆರ್2116 ಬಿಡುಗಡೆಯಾದಾಗ ಪಟ್ಟಿ ಬೆಲೆ 995 ಡಾಲರ್, ಸಿಸಿಆರ್2216ಗೆ 2,795 ಡಾಲರ್. ಎರಡನೆಯದರಲ್ಲಿ 100 ಜಿಬಿಪಿಎಸ್ ಪೋರ್ಟ್ ಎರಡಿವೆ, 25ರದ್ದು ಹನ್ನೆರಡು. ನೋಡಿದ ಕೂಡಲೇ ಆಸೆಯಾಗುತ್ತದೆ. ಆದರೆ ಎರಡರ ಒಳಗೂ ಇರುವುದು ಅದೇ 16 ಕೋರಿನ ಪ್ರೊಸೆಸರ್. ದೊಡ್ಡ ಪೋರ್ಟ್‌ಗಳ ಸ್ಪೀಡ್ ಬರುವುದು ಹಾರ್ಡ್‌ವೇರ್ ಆಫ್‌ಲೋಡ್‌ನಿಂದ, ಅಂದರೆ ಪ್ರೊಸೆಸರ್ ಮುಟ್ಟದೆ ಬೇರೆ ಚಿಪ್ಪಿನಲ್ಲೇ ಪ್ಯಾಕೆಟ್ ದಾಟಿಸುವುದರಿಂದ. ಪಿಪಿಪಿಒಇ ಮತ್ತು ಗ್ರಾಹಕರ ಕ್ಯೂ ಆಫ್‌ಲೋಡ್‌ಗೆ ಹೋಗುವುದಿಲ್ಲ, ಎಲ್ಲ ಪ್ರೊಸೆಸರ್ ತಲೆ ಮೇಲೆಯೇ. ಅಂದರೆ ಬ್ರಾಸ್ ಕೆಲಸಕ್ಕೆ ಮೂರು ಪಟ್ಟು ದುಡ್ಡು ಕೊಟ್ಟರೂ ಸೆಷನ್ ಹೊರುವ ಶಕ್ತಿ ಮೂರು ಪಟ್ಟಾಗುವುದಿಲ್ಲ. ಆ ದುಡ್ಡಿಗೆ ಎರಡು 2116 ತಗೊಂಡು ಓಎಲ್‌ಟಿಗಳನ್ನು ಹಂಚಿ. ಒಂದೇ ವಿಲ್ಯಾನ್‌ನಲ್ಲಿ (ಅದೇ ತಂತಿಯೊಳಗೆ ಬೇರೆ ಮಾಡಿದ ಜಾಲ) ಎರಡನ್ನೂ ಇಟ್ಟರೆ ಯಾವುದು ಮೊದಲು ಉತ್ತರ ಕೊಡುತ್ತದೋ ಅದಕ್ಕೆ ಸೆಷನ್ ಹೋಗುತ್ತದೆ, ಒಂದು ಸತ್ತರೆ ಗ್ರಾಹಕ ಇನ್ನೊಂದಕ್ಕೆ ಡಯಲ್ ಆಗುತ್ತಾನೆ. ಮಿಕ್ಕಿದ್ದಕ್ಕೆ ಒಳ್ಳೆಯ ಯುಪಿಎಸ್.

ಒಂದು ಮೆಚ್ಚಬೇಕು. ತಮ್ಮ ಪ್ರಾಡಕ್ಟ್ ಪುಟದಲ್ಲೇ 64, 512, 1518 ಬೈಟ್ ಪ್ಯಾಕೆಟ್‌ಗೆ ಬೇರೆ ಬೇರೆ ಅಂಕಿ ಹಾಕುತ್ತಾರೆ, 25 ಕ್ಯೂ ಹಾಕಿದರೆ ಎಷ್ಟು ಅಂತಲೂ ಸಾಲಿದೆ. 512ರ ಕಾಲಂನಲ್ಲಿ ಆ ಸಾಲು ನೋಡಿ, ಅದರಲ್ಲೂ ಸ್ವಲ್ಪ ಕಳೆಯಿರಿ. ನಿಮ್ಮದು 25 ಕ್ಯೂ ಅಲ್ಲ, 1,500.

ಡಾಕ್ಯುಮೆಂಟೇಶನ್ ಚಿಕ್ಕದು, ಓದಬಹುದಾದದ್ದು, ಲಾಗಿನ್ ಕೇಳುವುದಿಲ್ಲ. ಸಿಜಿನ್ಯಾಟ್‌ಗೆ ಪ್ರತಿ ಗ್ರಾಹಕನಿಗೂ ಪೋರ್ಟ್ ಹಂಚುವ ರೂಲ್‌ಗಳನ್ನು ಬರೆದುಕೊಡುವ ಸ್ಕ್ರಿಪ್ಟನ್ನೇ ನ್ಯಾಟ್ ಪುಟದಲ್ಲಿ ಕೊಟ್ಟಿದ್ದಾರೆ. ತೊಂದರೆ ಇರುವುದು ಹಳೇ ಹೊಸದರ ಗೊಂದಲದಲ್ಲಿ. ಅವರ ಸಾಫ್ಟ್‌ವೇರ್ ರೌಟರ್‌ಓಎಸ್ 6ರಿಂದ 7ಕ್ಕೆ ಬಂದಾಗ ಬಿಜಿಪಿ (ಬೇರೆ ನೆಟ್‌ವರ್ಕ್‌ಗಳ ಜೊತೆ ದಾರಿ ಹಂಚಿಕೊಳ್ಳುವ ವಿಧಾನ) ಮತ್ತು ರೌಟಿಂಗ್ ಫಿಲ್ಟರ್ ಬರೆಯುವ ರೀತಿಯೇ ಬದಲಾಯಿತು. ಹುಡುಕಿದರೆ ಮೊದಲು ಸಿಗುವುದು ಎಷ್ಟೋ ಸಲ 6ರ ಉತ್ತರ, ವಿಡಿಯೋಗಳಂತೂ ಕೇಳಲೇಬೇಡಿ. ನಿಮ್ಮ ಹುಡುಗ ಅದನ್ನು ನೋಡಿ 7ರಲ್ಲಿ ಟೈಪ್ ಮಾಡುತ್ತಾನೆ, ಬರಲ್ಲ, ಬಾಕ್ಸ್ ಸರಿಯಿಲ್ಲ ಅನ್ನುತ್ತಾನೆ.

ಓದದೆ ಕೆಟ್ಟದ್ದಕ್ಕೆ ನನ್ನದೇ ಉದಾಹರಣೆ ಇದೆ. ರೇಡಿಯಸ್‌ನಿಂದ ಸ್ಪೀಡ್ ಕಳಿಸುವ ಮೈಕ್ರೋಟಿಕ್-ರೇಟ್-ಲಿಮಿಟ್ ಅನ್ನುವ ಅಟ್ರಿಬ್ಯೂಟ್‌ನಲ್ಲಿ ಎರಡು ಅಂಕಿ, ನಡುವೆ ಗೆರೆ. ನಾನು 100/20 ಅಂತ ಹಾಕಿದೆ, 100 ಡೌನ್‌ಲೋಡ್ ಅಂದುಕೊಂಡು. ಮ್ಯಾನ್ಯುಯಲ್ ಸ್ಪಷ್ಟವಾಗಿ ಹೇಳುತ್ತದೆ: ಇದು ರೌಟರ್ ಕಡೆಯಿಂದ ನೋಡಿದ ಲೆಕ್ಕ, ಮೊದಲನೆಯದು ಗ್ರಾಹಕನ ಅಪ್‌ಲೋಡ್. ಒಂದು ಬಡಾವಣೆಯ ಜನ ಎರಡು ದಿನ ಭರ್ಜರಿ ಅಪ್‌ಲೋಡ್, ಅಳುವ ಡೌನ್‌ಲೋಡ್ ಇಟ್ಟುಕೊಂಡಿದ್ದರು. ತಪ್ಪು ಪೂರ್ತಿ ನನ್ನದು.

ಇನ್ನೊಂದು ಎಚ್ಚರಿಕೆ. 2018ರಲ್ಲಿ ವಿನ್‌ಬಾಕ್ಸ್‌ನ (ಮೈಕ್ರೋಟಿಕ್ ಬಾಕ್ಸ್ ನಿಭಾಯಿಸುವ ಪ್ರೋಗ್ರಾಂ) ಒಂದು ಲೋಪ ಹೊರಬಿತ್ತು, ತೇಪೆ ಬಂದ ಮೇಲೂ ಅಪ್‌ಡೇಟ್ ಮಾಡದ ರೌಟರ್‌ಗಳು ಲೆಕ್ಕವಿಲ್ಲದಷ್ಟು ಕೈತಪ್ಪಿದವು. ಮ್ಯಾನೇಜ್‌ಮೆಂಟ್ ಪೋರ್ಟ್ ಹೊರಗಿನವರಿಗೆ ಕಾಣದಂತೆ ಇಡಿ.

ಜೂನಿಪರ್ ಎಂಎಕ್ಸ್204

ದುಡ್ಡಿದ್ದರೆ ನನ್ನ ಇಷ್ಟದ ಬಾಕ್ಸ್ ಇದು. ಒಂದು ಯು ಎತ್ತರ, 400 ಜಿಬಿಪಿಎಸ್, 100ರ ಪೋರ್ಟ್ ನಾಲ್ಕು, 10ರದ್ದು ಎಂಟು. ನಾಲ್ಕು 100ನ್ನೂ ಪೂರ್ತಿ ಬಳಸಿದರೆ 10ರ ಪೋರ್ಟ್‌ಗಳು ಕೆಲಸಕ್ಕೆ ಬರುವುದಿಲ್ಲ, ಲೆಕ್ಕ 400ಕ್ಕೇ ಮುಗಿಯಿತು. ಸೆಷನ್ ಟ್ರಾಫಿಕ್ ಎಲ್ಲ ಚಿಪ್ಪಿನಲ್ಲೇ ಹೋಗುವುದರಿಂದ ಐಪಿಎಲ್ ಫೈನಲ್ ದಿನವೂ ಬಾಕ್ಸ್ ತಣ್ಣಗೆ ಕೂತಿರುತ್ತದೆ.

ಆದರೆ ಮೂರು ಆದರೆಗಳಿವೆ. ಗ್ರಾಹಕರ ಸೆಷನ್‌ಗೆ ಲೈಸೆನ್ಸ್ ಬೇರೆ, ಕೊಟೇಶನ್‌ನಲ್ಲಿ ಅದು ಇದೆಯಾ ಅಂತ ಕಣ್ಣಿಟ್ಟು ನೋಡಿ. ಸಾಫ್ಟ್‌ವೇರ್ ಇಳಿಸಿಕೊಳ್ಳಲು ಸಪೋರ್ಟ್ ಕಾಂಟ್ರಾಕ್ಟ್ ಬೇಕು, ಸೆಕೆಂಡ್ ಹ್ಯಾಂಡ್ ತಗೊಂಡವರು ಸಿಕ್ಕಿಕೊಳ್ಳುವುದು ಇಲ್ಲೇ. ಮೂರನೆಯದು ದೊಡ್ಡದು: ನ್ಯಾಟ್‌ನಂಥ ಭಾರದ ಕೆಲಸ ಮಾಡುವ ಸರ್ವೀಸ್ ಕಾರ್ಡ್ ಹಾಕುವ ಜಾಗವೇ ಇದರಲ್ಲಿಲ್ಲ, ಹಾಗಾಗಿ ಸಾವಿರಾರು ಮನೆಯ ಸಿಜಿನ್ಯಾಟ್ ಇದರೊಳಗೆ ಆಗುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ, ಅದರ ದುಡ್ಡು ಬೇರೆ. ಬಾಕ್ಸ್ ಬಂದು ರ‍್ಯಾಕ್‌ಗೆ ಏರಿಸಿದ ಮೇಲೆ ಇದು ಗೊತ್ತಾದ ಒಬ್ಬರ ಮುಖ ನನಗೆ ಇನ್ನೂ ನೆನಪಿದೆ.

ಡಾಕ್ಯುಮೆಂಟೇಶನ್‌ನಲ್ಲಿ ನನ್ನ ಮಟ್ಟಿಗೆ ಇವರೇ ಮುಂದು. ಯಾಕೆ ಬೇಕು, ಹೇಗೆ ಬರೆಯಬೇಕು, ಬರೆದ ಮೇಲೆ ಸರಿಯಾಗಿದೆಯಾ ಅಂತ ನೋಡುವುದು ಹೇಗೆ, ಮೂರೂ ಒಂದರ ಹಿಂದೆ ಒಂದು ಇರುತ್ತದೆ. ಡೇ ಒನ್ ಅನ್ನುವ ಸಣ್ಣ ಪುಸ್ತಕಗಳು ಪುಕ್ಕಟೆ, ಹೊಸಬರು ಅಲ್ಲಿಂದಲೇ ಶುರು ಮಾಡಬಹುದು. ಬ್ರೌಸರ್‌ನಲ್ಲೇ ಆಡಿ ನೋಡುವ ವಿಲ್ಯಾಬ್ಸ್ ಇದೆ. ಆದರೆ ಬ್ರಾಡ್‌ಬ್ಯಾಂಡ್ ಸಬ್‌ಸ್ಕ್ರೈಬರ್ ಗೈಡ್ ಒಂದು ಕಾಡು. ಡೈನಾಮಿಕ್ ಪ್ರೊಫೈಲ್ ಅನ್ನುವುದು ತಲೆಗೆ ಹತ್ತಲು ಒಂದು ವಾರ ಬೇಕೇ ಬೇಕು, ಡಾಲರ್ ಚಿಹ್ನೆಯ ವೇರಿಯಬಲ್‌ಗಳು ಸೆಷನ್ ಬಂದಾಗ ತುಂಬಿಕೊಳ್ಳುವ ಖಾಲಿ ಜಾಗಗಳು ಅಂತ ಹೊಳೆಯುವವರೆಗೆ ಎಲ್ಲವೂ ಗ್ರೀಕ್.

ಮತ್ತೆ ಆ ಕಮಿಟ್ ಕನ್‌ಫರ್ಮ್ಡ್. "ಕಮಿಟ್ ಕನ್‌ಫರ್ಮ್ಡ್ 5" ಅಂತ ಕೊಟ್ಟರೆ ಐದು ನಿಮಿಷದೊಳಗೆ ನೀವು ಇನ್ನೊಮ್ಮೆ ಒಪ್ಪದಿದ್ದರೆ ಹಳೇ ಕಾನ್ಫಿಗ್ ತಾನಾಗಿ ವಾಪಸ್. ಸಿರ್ಸಿಯಲ್ಲಿರುವ ಬಾಕ್ಸನ್ನು ದಾವಣಗೆರೆಯಲ್ಲಿ ಕೂತು ಮುಟ್ಟುವವನಿಗೆ ಇದರ ಬೆಲೆ ಗೊತ್ತು. ಮೈಕ್ರೋಟಿಕ್‌ನಲ್ಲೂ ಕಂಟ್ರೋಲ್-ಎಕ್ಸ್ ಒತ್ತಿದರೆ ಸೇಫ್ ಮೋಡ್ ಇದೆ, ಕನೆಕ್ಷನ್ ತಪ್ಪಿದರೆ ಬದಲಾವಣೆ ವಾಪಸ್ ಹೋಗುತ್ತದೆ. ಒತ್ತುವುದನ್ನು ನೆನಪಿಟ್ಟುಕೊಳ್ಳಬೇಕು, ಅಷ್ಟೇ.

2025ರ ಜುಲೈನಲ್ಲಿ ಎಚ್‌ಪಿಇ ಜೂನಿಪರ್ ಅನ್ನು ಕೊಂಡುಕೊಂಡಿದೆ. ಹೊಸದಾಗಿ ತಗೊಳ್ಳುವವರು ಆ ಮಾಡೆಲ್‌ಗೆ ಸಪೋರ್ಟ್ ಎಲ್ಲಿಯವರೆಗೆ ಅಂತ ಬರವಣಿಗೆಯಲ್ಲಿ ಕೇಳಿ.

ಸೆಕೆಂಡ್ ಹ್ಯಾಂಡ್ ಸಿಸ್ಕೋ ಎಎಸ್‌ಆರ್1001-ಎಕ್ಸ್

ಡೀಲರ್ "20 ಗಿಗ್ ಬಾಕ್ಸ್ ಸಾರ್" ಅನ್ನುತ್ತಾನೆ. ಬಾಕ್ಸ್ 20 ಎಳೆಯುವುದು ನಿಜ, ಆದರೆ ಲೈಸೆನ್ಸ್ 2.5, 5, 10, 20 ಅಂತ ನಾಲ್ಕು ಮೆಟ್ಟಿಲು. ಒಳಗಿರುವುದು 2.5 ಆದರೆ ನಿಮಗೆ ಸಿಗುವುದು 2.5. "ಶೋ ಪ್ಲಾಟ್‌ಫಾರ್ಮ್ ಹಾರ್ಡ್‌ವೇರ್ ಥ್ರೂಪುಟ್ ಲೆವೆಲ್" ಕಮಾಂಡ್ ಕೊಟ್ಟು ಪರದೆಯ ಫೋಟೋ ಕಳಿಸು ಅನ್ನಿ, ಸೀರಿಯಲ್ ನಂಬರ್ ಕಾಣುವ ಹಾಗೆ. ಆಮೇಲೆ ರೇಟ್ ಮಾತಾಡಿ.

ಇದರ ಅನುಕೂಲ ಅಂದರೆ ಪಿಪಿಪಿಒಇ, ನ್ಯಾಟ್, ಬಿಜಿಪಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ಸಿಜಿನ್ಯಾಟ್‌ಗೇ ಅಂತ ಸಿಜಿಎನ್ ಮೋಡ್ ಇದೆ, ಲಾಗ್ ಕಮ್ಮಿ ಮಾಡುವ ದಾರಿಯೂ ಇದೆ. ಡಾಕ್ಯುಮೆಂಟೇಶನ್ ಸಮುದ್ರ. ಎಎಸ್‌ಆರ್1000ದ ಗೈಡ್‌ನಲ್ಲಿ ಬ್ರಾಡ್‌ಬ್ಯಾಂಡ್ ಸೆಷನ್ ಎಷ್ಟು ಹೊರುತ್ತದೆ ಅನ್ನುವುದಕ್ಕೇ ಒಂದು ಅಧ್ಯಾಯವಿದೆ, ಯಾವ ಮಾಡೆಲ್‌ಗೆ ಎಷ್ಟು ಅಂತ ಪಟ್ಟಿ ಸಮೇತ. ಕೊಳ್ಳುವ ಮುಂಚೆ ಓದಬೇಕಾದದ್ದು ಅದೊಂದೇ. ಸಿಸ್ಕೋ ಕಲಿತ ಹುಡುಗರು ಸುಲಭಕ್ಕೆ ಸಿಗುತ್ತಾರೆ, ಇದೂ ಸಣ್ಣ ವಿಷಯವಲ್ಲ. ಆದರೆ ಹಳೇ ಮಾಲು ಹಳೇ ಮಾಲೇ: ಕಾಂಟ್ರಾಕ್ಟ್ ಇಲ್ಲದೆ ಹೊಸ ಸಾಫ್ಟ್‌ವೇರ್ ಇಲ್ಲ, ಪವರ್ ಸಪ್ಲೈ ಹೋದರೆ ಇನ್ನೊಂದು ಹುಡುಕಬೇಕು. ಒಂದರ ಬದಲು ಎರಡು ತಗೊಂಡು ಒಂದನ್ನು ಬಿಡಿಭಾಗಕ್ಕೆ ಇಡುವುದಾದರೆ ಮಾತ್ರ ನಾನು ಹೂಂ ಅನ್ನುತ್ತೇನೆ.

ಸರ್ವರ್ ಮೇಲೆ ಲಿನಕ್ಸ್

ಪಿಪಿಪಿಒಇ ಸೆಷನ್ ಹಿಡಿಯುವ ಆಕ್ಸೆಲ್-ಪಿಪಿಪಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ. ಅದನ್ನೇ ಒಳಗಿಟ್ಟುಕೊಂಡು ಜೂನಿಪರ್ ಥರದ ಕಮಾಂಡ್‌ಗಳ ಜೊತೆ ಬರುವುದು ವೈಓಎಸ್. ವೈಓಎಸ್‌ನ ರೋಲಿಂಗ್ ಇಮೇಜ್ (ಆಗಾಗ ಬದಲಾಗುತ್ತಲೇ ಇರುವ ಆವೃತ್ತಿ) ಕಾಸಿಲ್ಲದೆ ಸಿಗುತ್ತದೆ, ದೀರ್ಘಕಾಲ ನಡೆಯುವ ಸ್ಥಿರ ಇಮೇಜ್‌ಗೆ ಚಂದಾ ಕೊಡಬೇಕು. ಗ್ರಾಹಕರಿರುವ ಬಾಕ್ಸಿಗೆ ರೋಲಿಂಗ್ ಹಾಕುವ ಧೈರ್ಯ ನನಗಿಲ್ಲ.

ಒಂದು ಗುಟ್ಟು ಗೊತ್ತಿಲ್ಲದೆ ಬಹಳ ಜನ ಇಲ್ಲಿ ಸೋಲುತ್ತಾರೆ. ನೆಟ್‌ವರ್ಕ್ ಕಾರ್ಡ್ ಬಂದ ಪ್ಯಾಕೆಟ್‌ಗಳ ಐಪಿ ನೋಡಿ ಬೇರೆ ಬೇರೆ ಕೋರ್‌ಗೆ ಹಂಚುತ್ತದೆ. ಪಿಪಿಪಿಒಇ ಹೊದಿಕೆ ಇದ್ದರೆ ಹಳೇ ಕಾರ್ಡ್‌ಗಳಿಗೆ ಒಳಗಿನ ಐಪಿ ಕಾಣುವುದಿಲ್ಲ, ಎಲ್ಲವನ್ನೂ ಒಂದೇ ಕೋರ್‌ಗೆ ಸುರಿಯುತ್ತವೆ. ಒಂದು ಕೋರ್ ನೂರಕ್ಕೆ ನೂರು, ಮಿಕ್ಕ ಹದಿನೈದು ಸುಮ್ನೆ ಕೂತಿರುತ್ತವೆ. ಸರ್ವರ್ ದೊಡ್ಡದು ಮಾಡಿದರೆ ಇದು ಸರಿಹೋಗುವುದಿಲ್ಲ. ಕರ್ನಲ್‌ನಲ್ಲಿ ಆರ್‌ಪಿಎಸ್ ಆನ್ ಮಾಡಿ ಹಂಚಬೇಕು, ಇಲ್ಲವೇ ಇಂಟೆಲ್‌ನ ಎಕ್ಸ್710 ಥರದ ಕಾರ್ಡಿಗೆ ಪಿಪಿಪಿಒಇ ಅರ್ಥವಾಗುವ ಪ್ರೊಫೈಲ್ ಹಾಕಬೇಕು. ಆಕ್ಸೆಲ್-ಪಿಪಿಪಿಯ ಕಾನ್ಫಿಗ್ ಪುಟ ಓದಿದರೆ ಇದು ಹೊಳೆಯುವುದಿಲ್ಲ. ಅದರ ಡಾಕ್ಯುಮೆಂಟೇಶನ್ ಗೊತ್ತಿದ್ದವರಿಗೆ ನೆನಪಿಸಲು ಬರೆದದ್ದು. ವೈಓಎಸ್‌ನದು ಚೆನ್ನಾಗಿದೆ, ತಪ್ಪು ಕಂಡರೆ ನೀವೇ ತಿದ್ದಿ ಕಳಿಸಬಹುದು.

ಲಿನಕ್ಸ್ ನೀರು ಕುಡಿದಷ್ಟು ಸುಲಭ ಅನ್ನುವವರು ನಿಮ್ಮಲ್ಲೇ ಇದ್ದರೆ, ದುಡ್ಡಿಗೆ ಇಷ್ಟು ಕೆಲಸ ಬೇರೆ ಯಾವುದೂ ಕೊಡುವುದಿಲ್ಲ. ತಂಗಿ ಮಗ ಮುಂದಿನ ವರ್ಷ ಬೆಂಗಳೂರಿಗೋ ಕೆನಡಾಗೋ ಹೋಗುವವನಾದರೆ ಬೇಡ.

ಹಾಗಾದರೆ ಯಾವುದು?

1,000 ಸೆಷನ್‌ಗಿಂತ ಕಮ್ಮಿ, ಅಪ್‌ಲಿಂಕ್ ಒಂದೇ ಇದೆಯಾ? ಜಾಸ್ತಿ ಯೋಚನೆ ಬೇಡ. ಸಿಸಿಆರ್ ಒಂದು, ಅದೇ ಮಾಡೆಲ್‌ನದು ಇನ್ನೊಂದು ಸ್ಪೇರ್. ಪೂರ್ತಿ ಬಿಜಿಪಿ ಟೇಬಲ್ ನಿಮಗೆ ಬೇಕಿಲ್ಲ, ಡಿಫಾಲ್ಟ್ ರೂಟ್ (ಎಲ್ಲವನ್ನೂ ಅಪ್‌ಲಿಂಕ್‌ಗೆ ಕಳಿಸು ಅನ್ನುವ ಒಂದೇ ಸಾಲು) ಸಾಕು.

2,000-3,000 ಅಂದರೆ ಜಗ್ಗಾಟ ಇಲ್ಲೇ. ಬಜೆಟ್ ಬಿಗಿ ಇದ್ದರೆ ಎರಡು ಮೂರು ಸಿಸಿಆರ್ ಹಂಚಿ, ಬಿಜಿಪಿಗೆ ಬೇರೆ ಬಾಕ್ಸ್. ಇನ್ನೆರಡು ವರ್ಷದಲ್ಲಿ ದುಪ್ಪಟ್ಟಾಗುವ ನಂಬಿಕೆ ಇದ್ದರೆ ಎಂಎಕ್ಸ್204, ಆದರೆ ಸಿಜಿನ್ಯಾಟ್ ಪೆಟ್ಟಿಗೆ ಮತ್ತು ಲೈಸೆನ್ಸ್ ಎರಡನ್ನೂ ಸೇರಿಸಿ ಕೊಟೇಶನ್ ತರಿಸಿ. ಅದನ್ನು ನೋಡಿದ ಮೇಲೂ ಮನಸ್ಸು ಗಟ್ಟಿ ಇದ್ದರೆ ಮುಂದುವರಿಯಿರಿ. ನನಗೆ ಕೇಳಿದರೆ, ಕಲಿಯುವ ಹುಡುಗ ಒಬ್ಬ ಇದ್ದಾನೆ ಅಂದರೆ ಜೂನಿಪರ್, ಇಲ್ಲ ಅಂದರೆ ಸಿಸಿಆರ್.

8,000 ದಾಟಿದವರು ನನ್ನ ಮಾತು ಕೇಳಬೇಕಾಗಿಲ್ಲ, ನಿಮಗೆ ವೆಂಡರ್‌ಗಳೇ ಮನೆ ಬಾಗಿಲಿಗೆ ಬರುತ್ತಾರೆ. ಅವರ ಡೆಮೋದಲ್ಲಿ ಒಂದು ಕೆಲಸ ಮಾಡಿಸಿ: ಎಲ್ಲ ಸೆಷನ್ ಒಮ್ಮೆಲೇ ಬೀಳಿಸಿ, ಪೂರ್ತಿ ವಾಪಸ್ ಬರಲು ಎಷ್ಟು ನಿಮಿಷ ಅಂತ ಗಡಿಯಾರ ಹಿಡಿದು ನೋಡಿ.

ಯಾವುದೇ ತಗೊಳ್ಳಿ, ಅದರ ಪಿಡಿಎಫ್‌ಗಳನ್ನು ಮೊಬೈಲ್‌ಗೆ ಇವತ್ತೇ ಇಳಿಸಿಟ್ಟುಕೊಳ್ಳಿ. ಎಡ್ಜ್ ರೌಟರ್ ಬಿದ್ದ ದಿನ ಮ್ಯಾನ್ಯುಯಲ್ ನೋಡಲು ನಿಮ್ಮದೇ ಇಂಟರ್ನೆಟ್ ಇರುವುದಿಲ್ಲ, ಅಲ್ವಾ? ರ‍್ಯಾಕ್ ರೂಮಿನೊಳಗೆ ಮೊಬೈಲ್ ಸಿಗ್ನಲ್ ಕೂಡ ಎಷ್ಟೋ ಕಡೆ ಸಿಗುವುದಿಲ್ಲ. ಕನ್ಸೋಲ್ ಕೇಬಲ್ ಒಂದನ್ನು ರ‍್ಯಾಕಿಗೇ ಕಟ್ಟಿ, ಬಾಕ್ಸಿನ ಮೇಲೆ ಸ್ಟಿಕ್ಕರ್ ಅಂಟಿಸಿ: ಸಿಸ್ಕೋ, ಜೂನಿಪರ್ ಆದರೆ 9600, ಮೈಕ್ರೋಟಿಕ್ ಆದರೆ 115200. ಪರದೆ ತುಂಬ ಚಿತ್ರಲಿಪಿ ಬಂದರೆ ಬಾಕ್ಸ್ ಕೆಟ್ಟಿಲ್ಲ, ಸ್ಟಿಕ್ಕರ್ ನೋಡಿಲ್ಲ.